ಬಾಯಿ ಬಿಟ್ಟು ಹೇಳು ಅಂದ ಓನರಮ್ಮ

ಮೊದಲು ಖರ್ಚು ಹೇಳಿಬಿಡ್ತೀನಿ, ಆಮೇಲೆ ಕಥೆ. ಒಂದು ನಿಜ ಹೇಳಿದ್ದಕ್ಕೆ ನಾನು ತೆತ್ತದ್ದು ಇಷ್ಟು: ಐದು ವರ್ಷದಿಂದ ಹಿಡಿದುಕೊಂಡಿದ್ದ ಒಂದು ಕೆಲಸ, ಇನ್ನೇನು ತಾಂಬೂಲ ಬದಲಾಯಿಸಬೇಕು ಅನ್ನೋ ಹಂತಕ್ಕೆ ಬಂದಿದ್ದ ಒಂದು ಸಂಬಂಧ, ಬಲಗೆನ್ನೆಗೆ ಒಂದು ಏಟು. ಯಾಕೆ ತೆತ್ತೆ ಅಂದರೆ, ನನ್ನ ತಪ್ಪನ್ನು ಇನ್ನೊಬ್ಬ ಹೊತ್ತುಕೊಂಡು ಓಡಾಡ್ತಿದ್ದ, ಅದನ್ನು ನೋಡಿಕೊಂಡು ನಾನು ಹತ್ತೊಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ. ಪೀಣ್ಯದಲ್ಲಿ ಸ್ಪ್ಯಾನರ್‌ನಿಂದ ಹಿಡಿದು ಐವತ್ತು ಟನ್ ಪ್ರೆಸ್ ತನಕ ನಾನು ಚೌಕಾಸಿ ಮಾಡದೆ ಏನನ್ನೂ ಕೊಂಡವನಲ್ಲ. ಇದಕ್ಕೂ ಚೌಕಾಸಿ ಮಾಡಿದೆ. ಎದುರಿಗೆ ಕೂತಿದ್ದವರು ಚಿಕ್ಕಬಾಣಾವರದ ನಮ್ಮ ಓನರಮ್ಮ. ಒಂದು ಕಾಸೂ ಇಳಿಯಲಿಲ್ಲ. ಅವರು ಹೋದ ತಿಂಗಳು ತೀರಿಕೊಂಡರು.

ಅವರ ಹೆಸರು ಬರೆಯಲ್ಲ. ಬರೆದರೆ ಅವರಿಗೆ ಹಿಡಿಸೋದಿಲ್ಲ. ಒಮ್ಮೆ ಮಗ ಗೇಟಿನ ಕಂಬದ ಮೇಲೆ ಅಮ್ಮನ ಹೆಸರನ್ನು ನೀಲಿ ಬಣ್ಣದಲ್ಲಿ ಬರೆಸಿದ್ದ. ಮಾರನೇ ದಿನವೇ ಸುಣ್ಣ ಕಲಸಿಕೊಂಡು ಬಂದು ಅದರ ಮೇಲೆ ಬಳಿದುಬಿಟ್ಟರು. "ನಾನೇನು ಬಸ್‌ಸ್ಟಾಪಾ, ಬೋರ್ಡ್ ಆಕಾಕೆ?" ಅಂದರು. ಹದಿನೇಳು ಶೀಟಿನ ಮನೆಗಳ ಆ ವಠಾರದಲ್ಲಿ ನಾವೆಲ್ಲ ಓನರಮ್ಮ ಅಂತಿದ್ದೆವು. ಕೊಪ್ಪಳ, ರಾಯಚೂರಿನ ಕಡೆಯವರು ಅವ್ವಾರು ಅಂತಿದ್ದರು. ಎರಡಕ್ಕೂ ಓ ಅನ್ನೋರು.

ನಾನು ಮನೆ ಕೇಳೋಕೆ ಹೋದ ದಿನ ಕೊಟ್ಟಿಗೆ ಮುಂದೆ ಕೂತು ಅವರೆಕಾಯಿ ಸುಲೀತಿದ್ದರು. ಬಾಡಿಗೆ ಹೇಳಿದರು. ಶೀಟು ಬಿಸಿಲಿಗೆ ಕಾಯುತ್ತೆ, ರೈಲಿನ ಸದ್ದು ತಲೆ ತಿನ್ನುತ್ತೆ, ಬಸ್‌ಸ್ಟಾಪ್ ದೂರ, ಬಚ್ಚಲಿಗೆ ಚಿಲಕ ಇಲ್ಲ, ಅಂತ ನಾನು ಒಂದೊಂದಾಗಿ ಇಳಿಸುತ್ತಾ ಬಂದೆ. ಅರ್ಧ ಗಂಟೆ ತಲೆ ಎತ್ತಲಿಲ್ಲ. ಕೊನೆಗೆ, "ಆಯ್ತು, ಇನ್ನೂರು ಕಮ್ಮಿ ಕೊಡು" ಅಂದರು. ಗೆದ್ದೆ ಅಂದುಕೊಂಡು ಬ್ಯಾಗ್ ಇಳಿಸಿದೆ. ಆಗ ಬಾಯಿ ಬಿಟ್ಟರು. "ತಿಂಗ್ಳಾ ತಿಂಗ್ಳಾ ಅದಿನೇಳು ಮೀಟ್ರೂ ನೀನೇ ನೋಡಿ ಬರ್ಕೊಡ್ಬೇಕು. ನಂಗೆ ಕಣ್ ಮಂಜು, ಮಗನಿಗೆ ಪುರ್ಸೊತ್ತಿಲ್ಲ." ಅಷ್ಟು ಹೊತ್ತು ಅವರು ಸುಲಿದದ್ದು ಅವರೆಕಾಯಿ ಒಂದೇ ಅಲ್ಲ ಅಂತ ನನಗೆ ಅರ್ಥವಾದದ್ದು ಆಮೇಲೆ. ನಾನು ಆ ವಠಾರ ಬಿಡೋ ತನಕ ಮೀಟರ್ ಬರೆದೆ.

ಕುಳ್ಳಗೆ, ಕಪ್ಪಗೆ ಇದ್ದರು. ಸೊಂಟದಲ್ಲಿ ಬೀಗದ ಕೈ ಗೊಂಚಲು, ಕೆನ್ನೆಯೊಳಗೆ ಸದಾ ಎಲೆಅಡಿಕೆ. ಒಂದು ಕಾಲಕ್ಕೆ ಆ ಜಾಗದಲ್ಲಿ ಅವರ ರಾಗಿ ಹೊಲ ಇತ್ತಂತೆ. ಹೊಲ ಹೋಗಿ ಮನೆಗಳು ಬಂದರೂ ನಡಿಗೆ ಮಾತ್ರ ಹೊಲದ್ದೇ. ಬದುವಿನ ಮೇಲೆ ನಡೆದ ಹಾಗೆ ಒಂದು ಕಾಲಿನ ಮುಂದೆ ಇನ್ನೊಂದು ಇಡೋರು. ಯಾರ ಮೇಲಾದರೂ ಸಿಟ್ಟು ಬಂದರೆ ಜಗಳ ಆಡುತ್ತಿರಲಿಲ್ಲ, ಕಸಬರಿಕೆ ತಗೊಂಡು ಬಂದು ಅವರ ಬಾಗಿಲ ಮುಂದೆ ಗುಡಿಸೋರು. ಗುಡಿಸಿದ್ದನ್ನೇ ಮತ್ತೆ ಗುಡಿಸೋರು. ಮೂರನೇ ನಂಬರಿನಲ್ಲಿ ಒಬ್ಬ ಪೇಂಟರ್ ಹೆಂಡತಿ ಮೇಲೆ ಕೈ ಮಾಡಿದ ವಾರ, ಅವನ ಬಾಗಿಲ ಮುಂದೆ ನೆಲ ಕಿತ್ತು ಬರೋ ಹಾಗೆ ಗುಡಿಸಿದ್ದರು. ಆರನೇ ದಿನ ಅವನೇ ಬಂದು, "ಸಾಕು ಬುಡಿ ಓನರಮ್ಮ, ಇನ್ ಮಾಡಲ್ಲ" ಅಂದ.

ಸಾರಿ ಅನ್ನೋ ಮಾತು ಅವರಿಗೆ ಆಗುತ್ತಿರಲಿಲ್ಲ. "ಅದು ಬಸ್ಸಲ್ಲಿ ಕಾಲು ತುಳ್ದಾಗ ಅನ್ನೋದು. ಮನೆ ಮುರಿದೋರೂ ಅದನ್ನೇ ಅಂದ್ರೆ ಎಂಗೆ?" ಅನ್ನೋರು.

ಎಲ್ಲಕ್ಕಿಂತ ವಿಚಿತ್ರ ಅಂದರೆ ಅವರ ಪೂಜೆ. ವಠಾರದ ಹಿಂದೆ, ರೈಲು ಹಳಿ ಕಡೆಗೆ, ಬೇವಿನ ಮರದ ಬುಡದಲ್ಲಿ ಒಂದು ಮುನೇಶ್ವರನ ಕಟ್ಟೆ ಇದೆ. ಅರಿಶಿನ ಬಳಿದ ಕಲ್ಲು, ತುಕ್ಕು ಹಿಡಿದ ತ್ರಿಶೂಲ, ಅಷ್ಟೇ. ಪ್ರತಿ ಸೋಮವಾರ ಸಂಜೆ ದೀಪ ಹಚ್ಚಿ, ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಂತು, ಬ್ಯಾಂಕ್ ಮ್ಯಾನೇಜರ್ ಹತ್ತಿರ ಮಾತಾಡುವ ಹಾಗೆ ಜೋರಾಗಿ ಮಾತಾಡೋರು. ಇಡೀ ವಠಾರಕ್ಕೆ ಕೇಳಿಸುತ್ತಿತ್ತು. "ನೋಡಪ್ಪ, ಒಂಬತ್ತನೇ ನಂಬ್ರಿನ ಉಡುಗಿಗೆ ಪರೀಕ್ಸೆ ಐತೆ, ಓದಲ್ಲ ಅಂತಾಳೆ, ಅವ್ಳಿಗೆ ಬುದ್ಧಿ ಕೊಡು." "ನನ್ ಮಗ ಕಾರು ಓಡಿಸ್ಕಂಡು ವೈಟ್‌ಫೀಲ್ಡಿಗೆ ಓಗ್ತಾನೆ, ಅಲ್ಲಿ ರೋಡು ಸರಿ ಮಾಡ್ಸು, ನಿನ್ ಕೈಲಿ ಆಗ್ದಿದ್ರೆ ಯೋಳು." ಹೀಗೆ ಊರವರದ್ದೆಲ್ಲ ಆದ ಮೇಲೆ ತಮ್ಮದು. "ನೆನ್ನೆ ಆಲಿಗೆ ನೀರು ಜಾಸ್ತಿ ಬಿತ್ತು. ತಾನಾಗೇ ಬೀಳ್ಳಿಲ್ಲ, ನಾನೇ ಉಯ್ದೆ."

ಆ ಹಾಲು ಕೊಳ್ಳುತ್ತಿದ್ದವರೆಲ್ಲ ನಾವೇ. ಮಂಗಳವಾರ ಬೆಳಿಗ್ಗೆ ಎಲ್ಲರ ಪಾತ್ರೆಗೂ ಅರ್ಧ ಲೋಟ ಹೆಚ್ಚಿಗೆ ಬೀಳುತ್ತಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ.

ಒಮ್ಮೆ ನಾನೇ ಕೇಳಿದೆ, "ಮನಸ್ಸಲ್ಲೇ ಬೇಡ್ಕೋಬಾರ್ದಾ ಓನರಮ್ಮ? ದೇವರಿಗೆ ಕೇಳಿಸಲ್ವಾ?"

"ಮುನೇಸ್ಪರ ಏನು ನಿನ್ ಒಟ್ಟೇಲಿ ಕುಂತವ್ನಾ? ಬಾಯಿ ಬಿಟ್ಟು ಯೋಳ್ಬೇಕು ಕಣ್ಲಾ. ಒಟ್ಟೇಲಿ ಇಟ್ಕಂಡಿದ್ದು ಕೊಳೀತದೆ."

ನಾನು ನಕ್ಕುಬಿಟ್ಟೆ.

ಈಗ ನನ್ನ ತಪ್ಪಿಗೆ ಬರ್ತೀನಿ. ಹನ್ನೆರಡು ವರ್ಷದ ಹಿಂದಿನ ಮಾತು. ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ನಾನು ಲೈನ್ ಲೀಡರ್. ಪ್ರೆಸ್ ಅಂದರೆ ತಗಡನ್ನು ಒಂದೇ ಏಟಿಗೆ ಒತ್ತಿ ಆಕಾರ ಕೊಡುವ ಯಂತ್ರ. ಅದನ್ನು ಇಳಿಸೋಕೆ ಎರಡು ಬಟನ್ ಇರುತ್ತವೆ, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಯಾವ ಕೈಯೂ ಒಳಗೆ ಸಿಕ್ಕುವ ಹಾಗಿಲ್ಲ ಅನ್ನೋದು ಲೆಕ್ಕಾಚಾರ. ಆದರೆ ಟಾರ್ಗೆಟ್ ಮುಟ್ಟಬೇಕು ಅಂದಾಗ ನಾವು ಪೀಣ್ಯದವರು ಮಾಡುತ್ತಿದ್ದ ಉಪಾಯ ಒಂದಿತ್ತು. ಹಳೇ ಸೈಕಲ್ ಟ್ಯೂಬಿನ ಚೂರಿನಿಂದ ಬಲಗಡೆ ಬಟನ್ ಒತ್ತಿ ಹಿಡಿಯೋ ಹಾಗೆ ಕಟ್ಟಿಬಿಡೋದು. ಆಗ ಒಂದೇ ಕೈ ಸಾಕು, ಇನ್ನೊಂದು ಕೈ ಪೀಸು ಇಡುತ್ತಾ ಹೋಗುತ್ತೆ, ಕೆಲಸ ಬೇಗ ಆಗುತ್ತೆ. ತಪ್ಪು ಅಂತ ಎಲ್ಲರಿಗೂ ಗೊತ್ತು. ಎಲ್ಲರೂ ಮಾಡುತ್ತಿದ್ದೆವು.

ಒಂದು ದಿನ, ನನಗೆ ಮದುವೆಗೆ ನೋಡಿದ್ದ ಹುಡುಗಿಯ ಸೋದರಮಾವ ನನ್ನನ್ನು ನೋಡೋಕೆ ಎರಡೂವರೆಗೆ ಜಾಲಹಳ್ಳಿ ಕ್ರಾಸಿನ ಹೋಟೆಲಿಗೆ ಬರ್ತೀನಿ ಅಂದಿದ್ದರು. ಎರಡಕ್ಕೆ ಶಿಫ್ಟ್ ಮುಗಿಯೋದರೊಳಗೆ ಲೋಡು ಖಾಲಿ ಮಾಡಬೇಕು ಅಂತ ಟ್ಯೂಬ್ ಕಟ್ಟಿದೆ. ಮುಗಿಸಿದೆ. ಕೈ ತೊಳೆದು, ಶರ್ಟ್ ಬದಲಾಯಿಸಿ, ಓಡಿದೆ. ಟ್ಯೂಬ್ ಬಿಚ್ಚೋದು ಮರೆತೆ.

ನನ್ನ ನಂತರ ಆ ಪ್ರೆಸ್ಸಿಗೆ ಬಂದವನು ಶರಣಪ್ಪ. ಕೊಪ್ಪಳ ಕಡೆಯವನು, ನಲವತ್ತು ದಾಟಿದವನು, ನಮ್ಮ ವಠಾರದಲ್ಲೇ ನನ್ನ ಪಕ್ಕದ ಮನೆ. ಇಡೀ ಶಾಪಿನಲ್ಲಿ ಟ್ಯೂಬ್ ಮುಟ್ಟದವನು ಅಂದರೆ ಅವನೊಬ್ಬನೇ. ಅದಕ್ಕೇ ಅವನ ಪೀಸು ಕಮ್ಮಿ, ಅದಕ್ಕೇ ಅವನಿಗೆ 'ಎತ್ತಿನ ಗಾಡಿ' ಅಂತ ಅಡ್ಡಹೆಸರು. ಎರಡೂ ಒತ್ತದೆ ಪ್ರೆಸ್ ಇಳಿಯೋದಿಲ್ಲ ಅನ್ನೋ ನಂಬಿಕೆಯಲ್ಲಿ, ಬಲಗೈ ಪೀಸು ಇಡುವಾಗಲೇ ಅವನ ಎಡಗೈ ತನ್ನ ಬಟನ್ ಒತ್ತಿರುತ್ತಿತ್ತು. ಬಟನ್ ಮೇಲೆ ತಗಡಿನ ಟೋಪಿ ಇರೋದರಿಂದ ಒಳಗಿನ ಟ್ಯೂಬ್ ಕಾಣುವ ಹಾಗೂ ಇರಲಿಲ್ಲ. ಮೊದಲನೇ ಪೀಸಿಗೇ ಬಲಗೈಯ ಎರಡು ಬೆರಳು ಹೋದವು.

ನಾನು ಆಗ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತಾ, ಸೋದರಮಾವನಿಗೆ ನಾನೆಷ್ಟು ಜವಾಬ್ದಾರಿಯ ಮನುಷ್ಯ ಅಂತ ವಿವರಿಸುತ್ತಿದ್ದೆ.

ಮೆಷೀನ್ ಬಿಚ್ಚಿ ನೋಡಿದವರಿಗೆ ಟ್ಯೂಬ್ ಸಿಕ್ಕಿತು. ಪ್ರೆಸ್ ಮುಂದೆ ಇದ್ದವನು ಶರಣಪ್ಪ, ಆದ್ದರಿಂದ ಕಟ್ಟಿದವನೂ ಶರಣಪ್ಪ. ಹಾಗೇ ಬರೆದರು. "ನಾ ಕಟ್ಟಿಲ್ರೀ ಸರ, ನನ್ನಾಣೆ ಕಟ್ಟಿಲ್ರೀ" ಅಂತ ಆಸ್ಪತ್ರೆ ಮಂಚದ ಮೇಲಿಂದ ಬಂದವರಿಗೆಲ್ಲ ಹೇಳಿದನಂತೆ. ಯಾರೂ ನಂಬಲಿಲ್ಲ. ನನ್ನನ್ನು ಯಾರೂ ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಅಂತ ಆಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈಗ ಆ ಮಾತನ್ನು ನಾನು ನಂಬೋದಿಲ್ಲ.

ಪೀಣ್ಯದಲ್ಲಿ ಹೆಸರು ಕೆಡೋಕೆ ಒಂದು ಟೀ ಕುಡಿಯುವಷ್ಟು ಹೊತ್ತು ಸಾಕು. ಶರಣಪ್ಪ ಬ್ಯಾಂಡೇಜ್ ಕಟ್ಟಿಕೊಂಡು ವಠಾರಕ್ಕೆ ಬರುವಷ್ಟರಲ್ಲಿ 'ಟ್ಯೂಬ್ ಕಟ್ಟೋನು' ಆಗಿದ್ದ. ಪೀಸ್ ಚೆಕ್ ಮಾಡುವ ಕೆಲಸವಾದರೂ ಕೊಡಿ ಅಂತ ಎರಡು ಶಾಪಿಗೆ ಹೋಗಿ ಬಂದ. ಎರಡರಲ್ಲೂ ಹಳೇ ಕಡೆಗೆ ಫೋನ್ ಮಾಡಿ ವಿಚಾರಿಸಿ, ಆಮೇಲೆ ತಿಳಿಸ್ತೀವಿ ಅಂದರು. ದುರಾಸೆಗೆ ಬೆರಳು ಕಳಕೊಂಡ ಅಂತ ಅವನ ಹೆಂಡತಿಯ ಅಣ್ಣನೇ ಬಾಗಿಲಲ್ಲಿ ನಿಂತು ಬೈದು ಹೋದ. ಹೆಂಡತಿ ಗಂಡನ ಪರ ಒಂದು ಮಾತೂ ಆಡಲಿಲ್ಲ. ಅವಳೂ ನಂಬಿದ್ದಳು.

ನಾನೇನು ಮಾಡಿದೆ? ಅವನ ಮನೆಗೆ ನೀರು ಹೊತ್ತೆ. ಬಾಳೆಹಣ್ಣು ತಂದೆ. ಔಷಧ ಅಂಗಡಿಗೆ ಓಡಾಡಿದೆ. ಒಂದು ಗುರುವಾರ ರಜೆ ಹಾಕಿ ದೊಡ್ಡ ದೇವಸ್ಥಾನಕ್ಕೆ ಹೋಗಿ, ಹಳದಿ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ಹುಂಡಿಗೆ ಹಾಕಿ ಬಂದೆ. ದೇವರ ಜೊತೆ ವ್ಯವಹಾರ ಮುಗೀತು ಅಂದುಕೊಂಡೆ. ವಠಾರಕ್ಕೆ ಬಂದು ಅವನ ಕೈ ನೋಡಿದರೆ ಮುಗಿದಿರಲಿಲ್ಲ. ಹೇಳಿಬಿಡಲೇ ಅಂತ ಬೆಳಿಗ್ಗೆ ಅಂದುಕೊಳ್ಳೋದು, ಮದುವೆ ಮಾತು ಮುಗಿದ ಮೇಲೆ ಅಂತ ಸಂಜೆಗೆ ಮುಂದೂಡೋದು. ಹುಡುಗಿ ಕಡೆಯವರು ಒಪ್ಪಿಕೊಂಡಿದ್ದರು. ನನ್ನನ್ನು ಸೂಪರ್‌ವೈಸರ್ ಮಾಡೋ ಮಾತೂ ಶಾಪಿನಲ್ಲಿ ನಡೀತಿತ್ತು. ಕಳಕೊಳ್ಳೋಕೆ ಏನೂ ಇಲ್ಲದಾಗ ಎಲ್ಲರೂ ಸತ್ಯವಂತರೇ. ನನ್ನ ಹತ್ತಿರ ಆಗ ತಾನೇ ಏನೋ ಕೂಡುತ್ತಿತ್ತು.

ಹದಿನೆಂಟನೇ ದಿನ, ನಲ್ಲಿ ಹತ್ತಿರ ಅವನ ಕೊಡ ತುಂಬಿಸುತ್ತಿದ್ದೆ. ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಿದ್ದ ಶರಣಪ್ಪ ಮೆಲ್ಲಗೆ ಅಂದ, "ತಮ್ಮಾ, ಇಷ್ಟು ಮಂದಿ ಅಂತಾರಂದ್ರ, ನಾನ ಕಟ್ಟಿದ್ನೋ ಏನೋ. ನನಗ ನೆನಪಿಲ್ಲ. ನೋವಿನಾಗ ಮರತಿರಬೇಕು."

ಅಷ್ಟು ದಿನ ನಾನು ಅವನ ಹೆಸರು ಮಾತ್ರ ಕಿತ್ತುಕೊಂಡಿದ್ದೆ ಅಂದುಕೊಂಡಿದ್ದೆ. ಈಗ ಅವನ ನೆನಪನ್ನೂ ಕಿತ್ತುಕೊಳ್ಳುತ್ತಿದ್ದೆ. ಕೊಡ ತುಂಬಿ ಹರಿದು ನನ್ನ ಚಪ್ಪಲಿ ನೆನೆಯಿತು. ದೂರದಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಓನರಮ್ಮ ನನ್ನನ್ನೇ ನೋಡುತ್ತಿದ್ದರು.

ಅವತ್ತು ಸೋಮವಾರ. ಸಂಜೆ ಕಟ್ಟೆಗೆ ಹೋಗುವಾಗ ನನ್ನ ಬಾಗಿಲ ಮುಂದೆ ನಿಂತು, "ಎಣ್ಣೆ ಸೀಸೆ ಇಡ್ಕಾ ಬಾ" ಅಂದರು. ಹೋದೆ. ದೀಪ ಹಚ್ಚುತ್ತಾ, ನನ್ನ ಕಡೆ ತಿರುಗದೆ ಕೇಳಿದರು. "ಏನ್ಲಾ, ಆ ಸರಣಪ್ಪನಿಗೆ ನೀರು ಒರ್ತೀಯ, ಬಾಳೆಅಣ್ಣು ತರ್ತೀಯ. ಅವ್ನೇನು ನಿಮ್ಮಪ್ಪನಾ, ನಿಮ್ಮಾವನಾ?"

"ಪಾಪ ಅನ್ನಿಸ್ತು ಓನರಮ್ಮ."

"ಇನ್ನೂರು ರೂಪಾಯ್ಗೆ ಅರ್ಧ ಗಂಟೆ ವಾದ ಮಾಡ್ದೋನು ನೀನು. ನಿಂಗೆ ಸುಮ್‌ಸುಮ್ಕೆ ಪಾಪ ಅನ್ಸಲ್ಲ. ಇವ್ನ ಮುಂದೆ ಯೋಳು." ಕಲ್ಲನ್ನು ತೋರಿಸಿದರು.

ನಾನು ಬಾಯಿ ತೆರೆಯೋದಕ್ಕೂ ಸ್ಟೇಷನ್ ಬಿಟ್ಟ ರೈಲು ಹಿಂದಿನಿಂದ ಬರೋದಕ್ಕೂ ಸರಿಹೋಯಿತು. ಇದೇ ಸಮಯ ಅಂತ, ಬೋಗಿಗಳ ಸದ್ದಿನೊಳಗೆ ಗಬಗಬ ಎಲ್ಲ ಹೇಳಿ ಮುಗಿಸಿದೆ. ನನ್ನ ಮಾತು ನನಗೇ ಕೇಳಿಸಲಿಲ್ಲ. ಕೊನೇ ಬೋಗಿ ದಾಟಿ ಹೋಯಿತು. ಓನರಮ್ಮ ಬತ್ತಿ ಸರಿಮಾಡುತ್ತಾ ಅಂದರು, "ರೈಲಿಗೆ ಯೋಳಿದ್ದಾಯ್ತು. ಈಗ ಮುನೇಸ್ಪರನಿಗೆ ಯೋಳು."

ಎರಡನೇ ಸಲ ಒಂದೊಂದಾಗಿ ಹೇಳಿದೆ. ಟ್ಯೂಬ್ ಕಟ್ಟಿದ್ದು ನಾನು. ಬಿಚ್ಚದೆ ಹೋದದ್ದು ನಾನು. ಗೊತ್ತಿದ್ದೂ ಸುಮ್ಮನಿದ್ದದ್ದು ನಾನು. ಹೇಳಿ ಮುಗಿಸಿ, ತಪ್ಪುಕಾಣಿಕೆ ಹಾಕಿ ಬಂದದ್ದನ್ನೂ ಸೇರಿಸಿದೆ. ಸ್ವಲ್ಪ ಪರವಾಗಿಲ್ಲ ಅನ್ನಲಿ ಅಂತ.

"ಬೆಳ್ಳು ಓಗಿದ್ದು ಆ ದ್ಯಾವ್ರಿಗಾ?" ಅಂದರು.

ಬೈಯಲಿಲ್ಲ, ಸಮಾಧಾನವೂ ಮಾಡಲಿಲ್ಲ. ಕಟ್ಟೆ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ತಮ್ಮದೊಂದು ಹೇಳಿದರು. ಸೊಸೆ ಮನೆಗೆ ಬಂದ ವರ್ಷ ಇವರ ಕಿವಿ ಓಲೆ ಒಂದು ಕಾಣೆಯಾಯಿತಂತೆ. ಸೊಸೆ ಮೇಲೆ ಅನುಮಾನ ಪಟ್ಟರು. ಹುಡುಗಿ ಅತ್ತುಕೊಂಡು ತವರಿಗೆ ಹೋದಳು. ಮಾರನೇ ವಾರ ಹುಲ್ಲು ಕೆದಕುವಾಗ ಕೊಟ್ಟಿಗೆಯಲ್ಲೇ ಓಲೆ ಸಿಕ್ಕಿತು. "ಅನ್ನೊಂದು ದಿನ ಸೀರೆ ಸೆರಗಲ್ಲಿ ಗಂಟು ಆಕ್ಕಂಡು ಓಡಾಡ್ದೆ ಕಣ್ಲಾ. ಯಾರ್ಗೂ ಯೋಳ್ಳಿಲ್ಲ. ಮಾನ ಓಗ್ತದೆ ಅಂತ. ಆಮ್ಯಾಕೆ ಇಲ್ಲಿಗ್ ಬಂದು ಇವ್ನಿಗೆ ಯೋಳ್ದೆ. ಬಾಯಿಗೆ ಒಂದ್ಸಲ ಬಂತು ನೋಡು, ಎರಡ್ನೇ ಸಲ ಬರಾದು ಕಷ್ಟ ಆಗ್ಲಿಲ್ಲ. ಅವ್ಳ ತವರಿಗೆ ಓಗಿ, ಬೀದಿ ಜನ ಎಲ್ಲಾ ನಿಂತಿರಾಗ ಯೋಳ್ದೆ."

"ಸೊಸೆ ಕ್ಷಮಿಸಿದ್ರಾ?"

"ಎಲ್ಲಿ? ಒಂದು ವರ್ಸ ನಂಜೊತೆ ಮಾತಾಡ್ಲಿಲ್ಲ." ಎಲೆ ಬಾಯಿಗಿಟ್ಟು ಅಗಿದು, "ಆದ್ರೆ ವಾಪಸ್ ಬಂದು, ನಮ್ಮನೇಲಿ ಇದ್ಕಂಡೇ ಮಾತಾಡ್ಲಿಲ್ಲ" ಅಂದರು.

ನಾನು ಚೌಕಾಸಿಗೆ ಇಳಿದೆ. ಒಂದು ತಿಂಗಳು ಕೊಡಿ, ಮದುವೆ ಮಾತು ಮುಗೀಲಿ ಅಂದೆ. "ಆಮ್ಯಾಕೆ ಮಗು ಆಗ್ಲಿ ಅಂತೀಯ" ಅಂದರು. ಹದಿನೈದು ದಿನ ಅಂದೆ. ಎಂಟು ದಿನ ಅಂದೆ. ಎದ್ದು ಸೆರಗು ಕೊಡವಿಕೊಂಡರು. "ಬೆಳಿಗ್ಗೆ ಆರಕ್ಕೆ ನೀರು ಬಿಡೋ ಒತ್ತು. ನೀನು ಯೋಳು, ಆಮ್ಯಾಕೆ ಬಿಡ್ತೀನಿ."

"ಎಲ್ಲರ ಎದುರಿಗೆ ಬೇಡ ಓನರಮ್ಮ. ಅವನೊಬ್ಬನಿಗೇ ಹೇಳ್ತೀನಿ."

"ಅವ್ನ ಮಾನ ಓಗಿದ್ದು ಒಬ್ರ ಎದ್ರುಗಾ?"

"ನನ್ನ ಗತಿ?"

"ಅದು ನಂಗೊತ್ತಿಲ್ಲ. ಬಿದ್ರೆ ಎತ್ತಾಕೆ ಇವ್ನವ್ನೆ."

"ಇವನು ಎತ್ತದಿದ್ರೆ?"

"ಆಗ ನಾನಿವ್ನಿ. ಮೀಟ್ರು ಬರೆಯಾಕೆ ನಂಗೆ ಬೇರೆ ಯಾರವ್ರೆ?"

ಬೆಳಿಗ್ಗೆ ಐದೂಕಾಲಿಗೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟಾಪಿಗೆ ಹೋದೆ. ನಿಜವಾಗಿ ಹೇಳ್ತೀನಿ, ಊರಿಗೆ ಓಡಿಹೋಗೋಣ ಅಂತಲೇ ಹೋದದ್ದು. ಮೊದಲನೇ ಬಸ್ ಬಂತು, ಬಾಗಿಲು ತೆರೆಯಿತು, ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಹತ್ತಲಿಲ್ಲ. ಧೈರ್ಯ ಬಂದುಬಿಟ್ಟಿತು ಅಂತಲ್ಲ, ಕಾಲು ನಡುಗುತ್ತಲೇ ಇತ್ತು. ಆದರೆ ಹಿಂದಿನ ಸಂಜೆ ಒಬ್ಬರಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಾದ ಮೇಲೂ ಅವರು ಬೆಳಿಗ್ಗೆ ಐದಕ್ಕೆ ನನ್ನ ಬಾಗಿಲಲ್ಲಿ ಎಂದಿನ ಹಾಗೆ ಹಾಲಿನ ಲೋಟ ಇಟ್ಟು ಹೋಗಿದ್ದರು. ನನ್ನ ತಪ್ಪು ತಿಳಿದ ಮೇಲೂ ನನಗೆ ಹಾಲು ಹಾಕುವವರು ಇದ್ದಾರೆ. ಆ ಒಂದು ಲೋಟವನ್ನು ನಂಬಿಕೊಂಡು ತಿರುಗಿ ನಡೆದೆ.

ನಲ್ಲಿ ಮುಂದೆ ಹದಿನೇಳು ಮನೆಯ ಬಿಂದಿಗೆಗಳು ಸಾಲಿನಲ್ಲಿದ್ದವು. ಓನರಮ್ಮ ವಾಲ್ವ್ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

"ಬುಡಿ ಓನರಮ್ಮ, ಕೆಲ್ಸಕ್ಕೆ ಒತ್ತಾಯ್ತು" ಅಂದ ಪೇಂಟರ್.

"ಇವ್ನು ಏನೋ ಯೋಳ್ಬೇಕಂತೆ. ಆಮ್ಯಾಕೆ ನೀರು."

"ಮದ್ವೆ ಫಿಕ್ಸಾಯ್ತೇನೋ ಗುರು?" ಅಂತ ಯಾರೋ ನಕ್ಕರು.

ಶರಣಪ್ಪ ಎಡಗೈಯಲ್ಲಿ ಕೊಡ ಹಿಡಿದು ಸಾಲಿನ ಕೊನೆಯಲ್ಲಿದ್ದ. ಅವನ ಹೆಂಡತಿ ಬಾಗಿಲಲ್ಲಿದ್ದಳು. ನಾನು ಅವನ ಎದುರಿಗೆ ಹೋಗಿ ನಿಂತೆ. ಮನಸ್ಸಲ್ಲೇ ಅಭ್ಯಾಸ ಮಾಡಿಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಯಿತು. "ಶರಣಪ್ಪಣ್ಣ, ಟ್ಯೂಬ್ ಕಟ್ಟಿದ್ದು ನಾನು. ಬಿಚ್ಚೋದು ಮರೆತು ಹೋಗಿಬಿಟ್ಟೆ. ನೀನು ಕಟ್ಟಿರಲಿಲ್ಲ. ಇಷ್ಟು ದಿನ ಗೊತ್ತಿದ್ದೂ ಹೇಳಲಿಲ್ಲ" ಅಂದೆ.

ಅವನು ಕೊಡ ಕೆಳಗಿಟ್ಟ. ಉರುಳದ ಹಾಗೆ ಸರಿಯಾಗಿ ಇಟ್ಟ. ಆಮೇಲೆ ಎಡಗೈಯಿಂದ ನನ್ನ ಕೆನ್ನೆಗೆ ಬಾರಿಸಿದ. ಎರಡನೇ ಏಟಿಗೆ ಎತ್ತಿದ ಕೈ ಅರ್ಧಕ್ಕೇ ನಿಂತಿತು. ನನ್ನನ್ನು ಬಿಟ್ಟು ಹೆಂಡತಿ ಕಡೆ ತಿರುಗಿದ.

"ಕೇಳಿದೇನು? ನಾ ಕಟ್ಟಿದ್ದಿಲ್ಲ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಾ ಕಟ್ಟಿದ್ದಿಲ್ಲ ನೋಡು" ಅಂತ ಮತ್ತೆ ಅಂದ. ಸಾಲಿನಲ್ಲಿ ನಿಂತಿದ್ದ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದ. ಕೊನೆಗೆ ಕಲ್ಲಿನ ಮೇಲೆ ಕೂತು, ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ತನಗೆ ತಾನೇ ಹೇಳಿಕೊಂಡ. "ನನಗ ಗೊತ್ತಿತ್ತು."

ಓನರಮ್ಮ ವಾಲ್ವ್ ತಿರುಗಿಸಿದರು. "ಇಡ್ಕಳ್ರವ್ವಾ ನೀರು, ಒತ್ತಾಯ್ತು" ಅಂದರು.

ಅದೇ ಬೆಳಿಗ್ಗೆ ಶಾಪಿಗೆ ಹೋಗಿ ಬರೆದುಕೊಟ್ಟೆ. "ನಿನ್ನನ್ನ ಯಾರಯ್ಯಾ ಕೇಳಿದ್ರು?" ಅಂದರು ಮ್ಯಾನೇಜರ್. ಸಂಜೆಗೆ ಕೆಲಸ ಹೋಯಿತು. ವಾರದೊಳಗೆ ಹುಡುಗಿ ಕಡೆಯಿಂದ ಜಾತಕ ವಾಪಸ್ ಬಂತು. ಶರಣಪ್ಪನ ಮೇಲೆ ಬರೆದಿದ್ದನ್ನು ಮಾತ್ರ ಶಾಪಿನವರು ತಿದ್ದಿದರು. ಓನರಮ್ಮ ಮಗನ ಕಾರಿನಲ್ಲಿ ಕೂತು, ಹಿಂದೆ 'ಆಮೇಲೆ ತಿಳಿಸ್ತೀವಿ' ಅಂದಿದ್ದ ಒಂದು ಶಾಪಿಗೆ ತಾವೇ ಹೋಗಿ, "ಬಟ್ನು ಕಟ್ಟದೇ ಇರೋನು ಇಡೀ ಪೀಣ್ಯದಾಗೆ ಇವ್ನೊಬ್ನೇ, ಬೇಕಾ ಬ್ಯಾಡ್ವಾ?" ಅಂತ ಕೇಳಿದರಂತೆ. ಪೀಸ್ ಚೆಕ್ ಮಾಡುವ ಕೆಲಸ ಸಿಕ್ಕಿತು. ಈಗಲೂ ಆ ಕೆಲಸದಲ್ಲೇ ಇದ್ದಾನೆ. ಅವನು ಬೇಡ ಅಂದ ಪೀಸು ಯಾರ ಅಪ್ಪ ಹೇಳಿದರೂ ಗಾಡಿ ಹತ್ತೋದಿಲ್ಲ.

ನನ್ನ ಜೊತೆ ಎಂಟು ತಿಂಗಳು ಮಾತಿಲ್ಲ. ಅವನಿಗೆ ನೀರು ಹಿಡಿಯೋಕೆ ಹೋದರೆ ಕೊಡ ಕಿತ್ತುಕೊಳ್ಳುತ್ತಿದ್ದ. ಒಂದು ಸಂಜೆ ಕರೆಂಟ್ ಇರಲಿಲ್ಲ, ಅವನ ಬಾಗಿಲ ಪಕ್ಕದ ಮೀಟರ್ ಕಾಣದೆ ಕಣ್ಣು ಕಿರಿದು ಮಾಡುತ್ತಿದ್ದೆ. ಒಳಗಿನಿಂದ ಬಂದು ಟಾರ್ಚ್ ಹಿಡಿದ. ನಾನು ಬರೆದುಕೊಂಡೆ. ಟಾರ್ಚ್ ಆರಿಸಿ ಒಳಗೆ ಹೋದ. ಅಲ್ಲಿಂದ ಶುರುವಾಯಿತು.

ಓನರಮ್ಮ ನನಗೆ ಬಾಡಿಗೆಯಲ್ಲಿ ಒಂದು ರೂಪಾಯಿಯೂ ಬಿಡಲಿಲ್ಲ. ಕೆಲಸ ಹೋಗಿದೆ ಅಂದರೆ, "ಕೈ ಐತಲ್ಲ" ಅಂದರು. ಕೊಟ್ಟಿಗೆ ಪಕ್ಕದ ಮೂಲೆ ತೋರಿಸಿ, ಅಲ್ಲಿ ಬೇಕಾದರೆ ಮೆಷೀನ್ ಇಟ್ಟುಕೋ ಅಂದರು. ಒಂದು ಹಳೇ ಹ್ಯಾಂಡ್ ಪ್ರೆಸ್ ತಂದಿಟ್ಟು ವಾಷರ್ ಹೊಡೆಯೋಕೆ ಶುರು ಮಾಡಿದೆ. ಆ ಮೂಲೆಯ ಬಾಡಿಗೆಗೂ ಚೌಕಾಸಿ ಮಾಡಿದೆ, ಹಸು ನೋಡುತ್ತಿರುವಾಗಲೇ. ಆ ಸಲ ಅವರು ಸೋತರು. ಬೇಕಂತಲೇ ಸೋತರು ಅಂತ ನನಗೆ ಗೊತ್ತು. ನನಗೆ ಗೊತ್ತು ಅಂತ ಅವರಿಗೂ ಗೊತ್ತಿತ್ತು. ಈಗ ನನ್ನ ಶಾಪಿನಲ್ಲಿ ಆರು ಪ್ರೆಸ್ ಇವೆ. ಮದುವೆಯೂ ಆಯಿತು, ಹೆಣ್ಣು ನೋಡೋಕೆ ಹೋದ ದಿನವೇ ಈ ಕಥೆ ಹೇಳಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ, ಏಟು ಜೋರಾಗಿ ಬಿತ್ತಾ ಅಂತ.

ಓನರಮ್ಮನ ತಿಥಿಯ ದಿನ ಶರಣಪ್ಪ ನನ್ನ ಪಕ್ಕದ ಎಲೆಗೆ ಬಂದು ಕೂತ. ಅರ್ಧ ಊಟ ಆದ ಮೇಲೆ, "ತಮ್ಮಾ, ಅವತ್ತ ಅವ್ವಾರು ನೀರು ಬಿಡದಂಗ ತಡದಿದ್ದಿಲ್ಲಂದ್ರ, ನೀ ಹೇಳ್ತಿದ್ದೇನು?" ಅಂತ ಕೇಳಿದ.

"ಗೊತ್ತಿಲ್ಲಣ್ಣ" ಅಂದೆ.

ಅನ್ನಕ್ಕೆ ಸಾರು ಹಾಕಿಸಿಕೊಂಡು ಕಲಸಿದ. "ನಿನ್ನ ಜಾಗಾದಾಗ ನಾ ಇದ್ದಿದ್ರ ಏನ ಮಾಡ್ತಿದ್ನೋ, ನನಗೂ ಗೊತ್ತಿಲ್ಲ" ಅಂದ. ಹನ್ನೆರಡು ವರ್ಷದಲ್ಲಿ ಆ ವಿಷಯ ಎತ್ತಿದ್ದು ಅದೊಂದೇ ಸಲ.

ಇದನ್ನು ಓದುತ್ತಿರುವ ನಿಮ್ಮಲ್ಲೂ ಯಾರಿಗೋ ಹೇಳದೆ ಇಟ್ಟುಕೊಂಡದ್ದು ಒಂದಾದರೂ ಇರುತ್ತೆ. ಇದ್ದರೆ ಅನುಭವಸ್ಥನ ಮಾತು ಕೇಳಿ. ಮೊದಲು ಯಾವುದಾದರೂ ದೇವರ ಮುಂದೆ, ದೇವರು ಬೇಡವಾದರೆ ಗೋಡೆ ಮುಂದೆ, ಧ್ವನಿ ಹೊರಗೆ ಬರೋ ಹಾಗೆ ಒಮ್ಮೆ ಹೇಳಿ ನೋಡಿ. ನಾಲಿಗೆಗೆ ದಾರಿ ಗೊತ್ತಾಗಲಿ. ಆಮೇಲೆ ತಡ ಮಾಡಬೇಡಿ. ಹೋಗುವಾಗ ಹಣ್ಣು, ಸ್ವೀಟ್ ಬಾಕ್ಸ್ ಏನೂ ಒಯ್ಯಬೇಡಿ, ಅದು ಲಂಚದ ಹಾಗೆ ಕಾಣುತ್ತೆ. ಮೊದಲನೇ ವಾಕ್ಯದಲ್ಲೇ ನಿಮ್ಮ ತಪ್ಪು ಇರಲಿ, ಕಾರಣಗಳನ್ನು ಅವರು ಕೇಳಿದರೆ ಮಾತ್ರ ಹೇಳಿ. ಹೇಳಿ ಮುಗಿಸಿದ ಮೇಲೆ ಸುಮ್ಮನಿರಿ. ವ್ಯಾಪಾರದಲ್ಲಿ ರೇಟು ಹೇಳಿ ಸುಮ್ಮನಿರೋದು ಗೆಲ್ಲೋಕೆ, ಇಲ್ಲಿ ಸುಮ್ಮನಿರೋದು ಅವರ ಸರದಿ ಬಂತು ಅಂತ. ಕ್ಷಮೆ ಸಿಕ್ಕರೆ ತಗೊಳ್ಳಿ, ಕೇಳಬೇಡಿ. ರಜಾ ದಿನ ಹೇಳಬೇಡಿ, ಅವರು ಇಡೀ ದಿನ ಅದನ್ನೇ ಹಿಡಿದು ಕೂರಬೇಕಾಗುತ್ತೆ. ಇಬ್ಬರಿಗೂ ಕೆಲಸ ಇರೋ ದಿನ, ಬೆಳಿಗ್ಗೆಯೇ ಹೇಳಿ. ತಿಂಡಿ ತಿಂದು ಹೋಗಿ, ಖಾಲಿ ಹೊಟ್ಟೆಯಲ್ಲಿ ಕಾಲು ಜಾಸ್ತಿ ನಡುಗುತ್ತೆ.